ಪಾರ್ಕಿನಲ್ಲಿ ಮೂರು ಶನಿವಾರ: ಸಿನಿಮಾ, ರಸಮಂಜರಿ, ತಾಳಮದ್ದಳೆ

ಶಿವಮೊಗ್ಗದ ಏಪ್ರಿಲ್ ಗೊತ್ತಲ್ಲ, ಸಂಜೆ ಆರರವರೆಗೆ ಮನೆಯೊಳಗೆ ಕೂರಲೂ ಆಗುವುದಿಲ್ಲ, ಹೊರಗೆ ಕಾಲಿಡಲೂ ಆಗುವುದಿಲ್ಲ. ಸ್ವಲ್ಪ ಗಾಳಿ ಬೀಸಿತೆಂದರೆ ಊರಿಗೆ ಊರೇ ಪಾರ್ಕಿಗೆ ಹೊರಡುತ್ತದೆ. ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗಾಂಧಿ ಪಾರ್ಕಿಗೆ ಹೋಗುವ ಬದಲು ನಮ್ಮ ಬಡಾವಣೆಯ ಪಾರ್ಕಿನಲ್ಲೇ ಏನಾದರೂ ಇಟ್ಟುಕೊಂಡರೆ ಹೇಗೆ ಅಂತ ಕಳೆದ ವರ್ಷ ಮಾತು ಬಂತು. ಮೂರು ಶನಿವಾರ, ಮೂರು ಥರ. ಚಂದಾ ಎತ್ತುವ ಕೆಲಸ ನನ್ನ ತಲೆಗೆ ಬಿತ್ತು. ಹಾಗಾಗಿ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ನೋಡುವ ಶಿಕ್ಷೆಯೂ ನನ್ನದೇ.

ಪಾರ್ಕ್ ದೊಡ್ಡದೇನಲ್ಲ. ಸುತ್ತ ವಾಕಿಂಗ್ ದಾರಿ, ಒಂದು ಸುತ್ತಿಗೆ ನಾಲ್ಕು ನಿಮಿಷ. ನಡುವೆ ಹುಲ್ಲು, ಮೂಲೆಯಲ್ಲಿ ದೊಡ್ಡ ಮಳೆಮರ, ಅದರ ಕೆಳಗೆ ಜಾರುಬಂಡೆ ಮತ್ತು ಎರಡು ಜೋಕಾಲಿ. ಒಂದು ಜೋಕಾಲಿಯ ಸರಪಳಿ ಕಿರ್‍ರ್ ಅನ್ನುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಮೊದಲ ವಾರ ಸಿನಿಮಾ. ಬಯಲಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನವರು 1973ರಲ್ಲೇ ಚಿತ್ರಸಮಾಜ ಅಂತ ಸಿನಿಮಾ ಆಸಕ್ತರ ಕೂಟ ಕಟ್ಟಿದವರು. ನಾವು ಅಷ್ಟು ದೂರ ಯೋಚಿಸಿರಲಿಲ್ಲ, ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ ಅಂತ ಗೊತ್ತಾಯಿತು, ಅಷ್ಟೇ. ಮೊದಲ ತೊಡಕು ಚಿತ್ರದ್ದೇ. ಹಕ್ಕಿರುವವರ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಸಿನಿಮಾ ಹಾಕುವಂತಿಲ್ಲ, ಪೆನ್ ಡ್ರೈವ್ ಚುಚ್ಚಿ ಕೂತರೆ ಆಗುವುದಿಲ್ಲ. ಕೊನೆಗೆ ಪರಿಚಯದ ಹುಡುಗನೊಬ್ಬ ತಾನೇ ಮಾಡಿದ್ದ ಮಕ್ಕಳ ಚಿತ್ರ ಕೊಟ್ಟ.

ಎರಡನೇ ತೊಡಕು ಸೂರ್ಯ. ಏಪ್ರಿಲ್ ಕೊನೆಯಲ್ಲಿ ಇಲ್ಲಿ ಹೊತ್ತು ಮುಳುಗುವಾಗಲೇ 6.40 ದಾಟಿರುತ್ತದೆ. ಪರದೆಯ ಮೇಲೆ ಮುಖ ಮುಖದ ಹಾಗೆ ಕಾಣಬೇಕಾದರೆ 7.15 ಆಗಬೇಕು. ಆರಕ್ಕೇ ಬಂದು ಚಾಪೆ ಹಾಸಿದ್ದ ಮಕ್ಕಳು ಅಷ್ಟರಲ್ಲಿ ಮಂಡಕ್ಕಿ ಮುಗಿಸಿ, ಮುರುಗಲ ಹಣ್ಣಿನ ಪಾನಕ ಮುಗಿಸಿ, ಒಂದು ಜಗಳವನ್ನೂ ಮುಗಿಸಿದ್ದವು. ಪರದೆ ಅಂದರೆ ಎರಡು ಕಂಬಕ್ಕೆ ಕಟ್ಟಿದ ಬಿಳಿ ಬಟ್ಟೆ. ಗಾಳಿ ಬಂದಾಗಲೆಲ್ಲ ಚಿತ್ರದ ಅಜ್ಜಿಗೆ ಹೊಟ್ಟೆ ಬರುತ್ತಿತ್ತು. ಮಕ್ಕಳಿಗೆ ಕಥೆಗಿಂತ ಅದೇ ಜಾಸ್ತಿ ಖುಷಿ ಕೊಟ್ಟಿತು.

ಹಿಂದಿನ ದಿನ ಗುಡುಗು ಸಮೇತ ಒಂದು ಮಳೆ ಬಿದ್ದಿತ್ತು. ಮಲೆನಾಡಿನವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಎಂಟರ ಹೊತ್ತಿಗೆ ನೆಲದಿಂದ ಮಳೆಹುಳಗಳು ಎದ್ದವು. ಕತ್ತಲ ಪಾರ್ಕಿನಲ್ಲಿ ಇದ್ದ ಒಂದೇ ದೊಡ್ಡ ಬೆಳಕು ನಮ್ಮ ಪ್ರೊಜೆಕ್ಟರಿನದು. ಒಂದೊಂದು ಹುಳವೂ ಪರದೆಯ ಮೇಲೆ ಹದ್ದಿನಷ್ಟು ದೊಡ್ಡ ನೆರಳು. ಮುಂದಿನ ಸಾಲಿನವರ ತಲೆಯ ಮೇಲೆ ಉದುರಿದ ರೆಕ್ಕೆಗಳು, ಪಾನಕದ ಲೋಟದೊಳಗೂ ರೆಕ್ಕೆಗಳು. ಹತ್ತು ನಿಮಿಷ ನಿಲ್ಲಿಸಿ ಬೀದಿದೀಪದ ಕಡೆ ಅವು ಹೋಗಲಿ ಅಂತ ಕಾದೆವು. ಅವು ಹೋದವು, ಅರ್ಧ ಜನವೂ ಹೋದರು.

ಎರಡನೇ ವಾರ ರಸಮಂಜರಿ. ಇದರ ಬಗ್ಗೆ ಹೇಳುವುದು ಕಡಿಮೆ ಇದೆ, ಕೇಳಿದ್ದು ಮಾತ್ರ ಬಹಳ. ಕೀಬೋರ್ಡ್, ರಿದಂ ಪ್ಯಾಡ್, ಇಬ್ಬರು ಗಾಯಕರು, ಆಳೆತ್ತರದ ನಾಲ್ಕು ಬಾಕ್ಸು. ಜನ ಮೂರು ಸಂಜೆಗಳಲ್ಲಿ ಇಲ್ಲಿಗೇ ಜಾಸ್ತಿ ಬಂದರು, ಸುಳ್ಳು ಹೇಳಬಾರದು. ಹುಡುಗರು ಕುಣಿದರು. ನಮ್ಮ ಅತ್ತೆ ಕೂಡ ಚೀಟಿಯಲ್ಲಿ ಹಾಡು ಬರೆದು ಕಳಿಸಿದರು. ಆದರೆ ನಾಲ್ಕೂ ಕಡೆ ಮನೆಗಳ ಗೋಡೆ ಇರುವ ಜಾಗದಲ್ಲಿ ಶಬ್ದ ಎಲ್ಲಿಗೆ ಹೋಗಬೇಕು? ಗೋಡೆಗೆ ಬಡಿದು ವಾಪಸ್ ಬರುತ್ತದೆ, ಒಂದೇ ಹಾಡನ್ನು ಎರಡು ಸಲ ಕೇಳಿದ ಹಾಗೆ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ ಹತ್ತರ ಮೇಲೆ 45 ಅಂತ ನಿಯಮ. ನಾವು ಅಳೆದು ನೋಡಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಮೂರನೇ ಹಾಡಿಗೇ ಮಳೆಮರದ ಹಕ್ಕಿಗಳು ಎದ್ದು ಹೋದವು. ಬೆನ್ನಿಗೇ ವಾಕಿಂಗಿನವರು. ಪಕ್ಕದಲ್ಲಿ ಕೂತವರ ಹತ್ತಿರ ಒಂದು ಮಾತಾಡಬೇಕಾದರೆ ಕಿವಿಗೆ ಬಾಯಿಟ್ಟು ಕೂಗಬೇಕು. ಮೂರರಲ್ಲಿ ಖರ್ಚು ಜಾಸ್ತಿ ಆಗಿದ್ದೂ ಇದಕ್ಕೇ.

ಮೂರನೆಯದು ತಾಳಮದ್ದಳೆ. ಮೊದಲು ಅಂದುಕೊಂಡಿದ್ದು ಯಕ್ಷಗಾನವೇ. ಆದರೆ ವೇಷದ ಆಟ ಅಂದಮೇಲೆ ರಂಗಸ್ಥಳ ಆಗಬೇಕು, ಬಣ್ಣ ಹಚ್ಚಿಕೊಳ್ಳುವುದಕ್ಕೆ ಚೌಕಿ ಆಗಬೇಕು, ಕಾಲಮಿತಿ ಪ್ರದರ್ಶನವೆಂದರೂ ಮೂರು ಗಂಟೆ. ಚಂದಾ ಡಬ್ಬಿ ನೋಡಿಕೊಂಡು ತಾಳಮದ್ದಳೆಗೆ ಇಳಿದೆವು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ, ಬರೆದುಕೊಂಡು ಬಂದ ಮಾತಲ್ಲ, ಅಲ್ಲಲ್ಲೇ ಹುಟ್ಟುವ ಮಾತು. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಜಗಲಿ ಮೇಲೆ ನಡೆಯುತ್ತಿದ್ದ ಕಲೆ ಇದು. ಬೇಸಿಗೆ ಪಾರ್ಕಿಗೆ ಒಗ್ಗುತ್ತದೋ ಇಲ್ಲವೋ ಅಂತ ನನಗೆ ಅನುಮಾನವಿತ್ತು.

ತೀರ್ಥಹಳ್ಳಿ ಕಡೆಯಿಂದ ಬಂದ ತಂಡ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಹಿಮ್ಮೇಳಕ್ಕೆ ಒಂದು ಜಮಖಾನ, ಎರಡು ಮೈಕು. ಕತ್ತಲಾಗುವವರೆಗೆ ಕಾಯುವ ಕೆಲಸ ಇಲ್ಲ, ಆರೂವರೆಗೇ ಶುರು. ಪ್ರಸಂಗ ವಾಲಿಯದು. ವಾಲಿ ಆಗಿದ್ದವರು ಬಿಳಿ ಪಂಚೆ, ಹೆಗಲ ಮೇಲೊಂದು ಶಾಲು, ಕಣ್ಣಿಗೆ ಕನ್ನಡಕ. ಬಾಣ ತಗಲಿದ ಕ್ಷಣ ಶಾಲನ್ನು ಎದೆಗೆ ಒತ್ತಿ ಹಿಡಿದು ಕುರ್ಚಿಯಲ್ಲಿ ಒಂದು ಗೇಣು ಜಾರಿದರು, ಅಷ್ಟೇ. ಮುಂದಿದ್ದ ಮಕ್ಕಳು ತಿನ್ನುವುದು ಬಿಟ್ಟು ನೋಡಿದವು. ಆಮೇಲೆ ಮಾತು ಶುರುವಾಯಿತು. ನನಗೂ ನಿನಗೂ ಏನು ದ್ವೇಷ? ಮರದ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮ ಒಂದು ಹೇಳಿದರೆ ವಾಲಿ ಎರಡು ಹೇಳುತ್ತಾನೆ.

ನಮ್ಮ ಎದುರುಮನೆ ಮೇಷ್ಟ್ರು ರಿಟೈರಾದವರು. ಡಾಕ್ಟರ್ ಹೇಳಿದ ಮೇಲೆ ದಿನಕ್ಕೆ ಹನ್ನೆರಡು ಸುತ್ತು, ಅದಕ್ಕೆ ಯಾರೂ ಅಡ್ಡ ಬರುವಂತಿಲ್ಲ. ಸಿನಿಮಾ ದಿನ ಅವರು ಪರದೆಯ ಮುಂದೆ ಹಾದರೆ ಎಲ್ಲರೂ "ಸಾರ್, ಸಾರ್" ಅನ್ನುತ್ತಿದ್ದರು. ರಸಮಂಜರಿ ದಿನ ಎರಡೇ ಸುತ್ತಿಗೆ ಮನೆಗೆ ಹೋಗಿ ಕಿಟಕಿ ಹಾಕಿಕೊಂಡರು. ತಾಳಮದ್ದಳೆ ದಿನ ಮಾತ್ರ ಅವರ ವಾಕಿಂಗ್ ನಿಲ್ಲಲಿಲ್ಲ. ಪ್ರತಿ ಸುತ್ತಿಗೂ ನನ್ನ ಹತ್ತಿರ ಬಂದಾಗ ಅರೆಕ್ಷಣ ನಿಧಾನ ಮಾಡಿ, "ಏನಯ್ಯಾ, ವಾಲಿ ಇನ್ನೂ ಸತ್ತಿಲ್ವಾ?" ಅನ್ನುತ್ತಿದ್ದರು. "ಇಲ್ಲ ಸಾರ್, ಪಾಯಿಂಟ್ ಹಾಕ್ತಿದಾನೆ." ಹೊರಟುಹೋಗುವರು. ಏಳನೆಯದೋ ಎಂಟನೆಯದೋ ಸುತ್ತಿಗೆ ಬಂದು ಕಲ್ಲುಬೆಂಚಿನ ತುದಿಗೆ ಕೂತವರು ಮತ್ತೆ ಏಳಲಿಲ್ಲ.

ಆಗ ನನಗೆ ಹೊಳೆದಿದ್ದು ಇಷ್ಟು. ಪಾರ್ಕಿಗೆ ಬರುವವರು ಟಿಕೆಟ್ ತಗೊಂಡು ಬಂದವರಲ್ಲ. ಒಬ್ಬರು ನಡೆಯಬೇಕು, ಒಬ್ಬರು ಮಗುವನ್ನು ಜಾರುಬಂಡೆಗೆ ಹತ್ತಿಸಬೇಕು, ಇಬ್ಬರು ಸುಮ್ನೆ ಕೂತು ಹರಟಬೇಕು. ಸಿನಿಮಾ ಎಲ್ಲರ ಕಣ್ಣನ್ನೂ ಒಂದೇ ಕಡೆ ಕಟ್ಟಿಹಾಕುತ್ತದೆ. ರಸಮಂಜರಿ ಯಾರ ಕಿವಿಯನ್ನೂ ಬಿಡುವುದಿಲ್ಲ. ತಾಳಮದ್ದಳೆಯಲ್ಲಿ ಎದ್ದು ಹೋಗಿ ಹತ್ತು ನಿಮಿಷ ಬಿಟ್ಟು ಬಂದರೂ ಎಳೆ ಸಿಗುತ್ತದೆ.

ಹಾಗಂತ ತಾಳಮದ್ದಳೆಯಲ್ಲಿ ತಪ್ಪೇ ಇರಲಿಲ್ಲ ಅಂತಲ್ಲ. ಹತ್ತು ವರ್ಷದೊಳಗಿನ ಮಕ್ಕಳು ಬಾಣ ತಗಲಿದ ಮೇಲೆ ಅರ್ಧ ಗಂಟೆಯೂ ಕೂರಲಿಲ್ಲ, ಅವರಿಗೆ ಸಿನಿಮಾವೇ ಸರಿ. ಅದನ್ನೂ ಮಳೆ ಬಿದ್ದ ಮಾರನೇ ದಿನ ಇಡಬೇಡಿ, ಒಂದೂಕಾಲು ಗಂಟೆಗಿಂತ ಉದ್ದದ್ದು ಬೇಡ. ಕುಣಿಯುವ ಹುಡುಗರಿಗೆ ರಸಮಂಜರಿ ಬೇಕೇ ಬೇಕು ಅಂದರೆ ಮನೆಗಳಿಂದ ದೂರದ ಮೈದಾನ ನೋಡಿ. ಈ ವರ್ಷ ಗಮಕವನ್ನೂ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನೂ, ಒಂದು ಸಂಜೆ ಇಡೋಣ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಗಮಕದ ಊರು ಹೊಸಹಳ್ಳಿ ಇಲ್ಲೇ ತುಂಗೆ ದಡದಲ್ಲಿದೆ, ಕರೆಯುವುದು ಕಷ್ಟವಲ್ಲ.

ಇನ್ನು ಆ ಜೋಕಾಲಿ. ವಾಲಿ ಕೊನೆಯ ಮಾತಿಗೆ ಬಂದಿದ್ದ, ಭಾಗವತರು ಶ್ರುತಿ ಇಳಿಸಿದ್ದರು, ಪಾರ್ಕೆಲ್ಲ ನಿಶ್ಶಬ್ದ. ಬೇಜಾರಾಗಿ ಎದ್ದುಹೋಗಿದ್ದ ನನ್ನ ಮಗಳೇ ಹೋಗಿ ಜೋಕಾಲಿ ಹತ್ತಿದಳು. ಕಿರ್‍ರ್. ವಾಲಿ ಮಾತು ನಿಲ್ಲಿಸಿ, ಆ ಕಡೆ ನೋಡಿ, "ಓಹೋ, ಸುಗ್ರೀವ ಆಗಲೇ ಕಿಷ್ಕಿಂಧೆಯ ಬಾಗಿಲು ತೆಗೆಯುತ್ತಿದ್ದಾನೆ" ಅಂದ. ಆ ಸಂಜೆ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬಿದ್ದಿದ್ದು ಅದಕ್ಕೆ. ಸರಪಳಿಗೆ ಎಣ್ಣೆ ಬಿಡಿಸಬೇಕು ಅಂತ ಸಮಿತಿಯ ಪಟ್ಟಿಯಲ್ಲಿ ಬರೆದಿದ್ದೆ. ಮೇಷ್ಟ್ರು ಆ ಸಾಲು ಹೊಡೆದು ಹಾಕಿದ್ದಾರೆ.