ಕಿಡ್ನಿ ಕಸಿಗೆ ಮುಂಚೆ ಮಾಡಿಸಿದ ಜೀನ್ ಟೆಸ್ಟ್: ರಿಪೋರ್ಟ್ ಸರಿ, ಬಂದ ಹೊತ್ತು ಸರಿಯಿಲ್ಲ

ಐದಕ್ಕೆ ಮೂರು ಸ್ಟಾರ್. ಲ್ಯಾಬ್ ಹೆಸರು ಹಾಕುವುದಿಲ್ಲ, ಬೆಂಗಳೂರಿನದ್ದೇ. ತಮ್ಮನಿಗೆ ಕಿಡ್ನಿ ಕೊಟ್ಟವಳು ನಾನು, ಹಾಗಾಗಿ ಅವರ ಎರಡೂ ಟೆಸ್ಟಿನ ಅನುಭವ ಆಗಿದೆ.

ಮೊದಲನೇದು ಎಚ್‌ಎಲ್‌ಎ ಟೈಪಿಂಗ್, ಅಂದರೆ ದೇಹ ತನ್ನದು ಯಾವುದು, ಬೇರೆಯವರದು ಯಾವುದು ಅಂತ ಗುರುತು ಹಿಡಿಯೋ ಜೀವಕೋಶದ ಗುರುತುಗಳು ಎಷ್ಟು ಹೊಂದುತ್ತವೆ ಅಂತ ನೋಡೋದು. ಇದಕ್ಕೆ ಪೂರ್ತಿ ಮಾರ್ಕ್ಸ್. ಮನೆಗೇ ಬಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತಗೊಂಡು ಹೋದರು, ಹೇಳಿದ ದಿನವೇ ರಿಪೋರ್ಟ್ ಬಂತು. ತಮ್ಮನ ಜೊತೆ ನನ್ನದು ಆರು ಗುರುತಿಗೆ ಮೂರು ಹೊಂದಿತು, ಅಣ್ಣನದ್ದು ಒಂದೂ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ವಾ ಅಂತ ಅಣ್ಣ ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದ. ಅವರ ಕೌನ್ಸೆಲರ್ ಬಿಲ್ಲಿನ ಹಿಂಬದಿಯಲ್ಲೇ ಗೆರೆ ಹಾಕಿ ತೋರಿಸಿದರು: ಈ ಗುರುತುಗಳ ಜೀನ್‌ಗಳಲ್ಲಿ ಅಪ್ಪನ ಎರಡು ಸೆಟ್ಟಿನಲ್ಲಿ ಒಂದು, ಅಮ್ಮನ ಎರಡರಲ್ಲಿ ಒಂದು ಮಕ್ಕಳಿಗೆ ಬರುತ್ತದೆ, ಹಾಗಾಗಿ ಒಡಹುಟ್ಟಿದವರು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕಕ್ಕೆ ಒಂದು, ಅರ್ಧ ಹೊಂದೋದು ನಾಲ್ಕಕ್ಕೆ ಎರಡು, ಏನೂ ಹೊಂದದೆ ಇರೋದೂ ನಾಲ್ಕಕ್ಕೆ ಒಂದು. 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲು ಯಶಸ್ವಿಯಾದ ಕಸಿ ತದ್ರೂಪಿ ಅವಳಿಗಳ ನಡುವಿನದು, ಜೀನ್ ಒಂದೇ ಆದ್ದರಿಂದ ದೇಹ ತಕರಾರು ಮಾಡಲಿಲ್ಲ ಅಂತಲೂ ಹೇಳಿದರು. ಅಣ್ಣ ಅವತ್ತು ಸರಿಯಾಗಿ ಊಟ ಮಾಡಿದ.

ಎಡವಿದ್ದು ಎರಡನೇ ಟೆಸ್ಟಿನಲ್ಲಿ, ಮಾತ್ರೆಯ ಡೋಸಿಗಾಗಿ ತಮ್ಮನಿಗೆ ಮಾಡಿಸಿದ ಜೀನ್ ಟೆಸ್ಟಿನಲ್ಲಿ. ಕಸಿಯಾದ ಕಿಡ್ನಿಯನ್ನು ದೇಹ ತಳ್ಳದ ಹಾಗೆ ಟ್ಯಾಕ್ರೋಲಿಮಸ್ ಮಾತ್ರೆ ಕೊಡುತ್ತಾರೆ. ಸಿವೈಪಿ3ಎ5 ಅನ್ನೋ ಜೀನ್ ಕೆಲವರಲ್ಲಿ ಚುರುಕಾಗಿರುತ್ತದೆ, ಅಂಥವರ ದೇಹ ಮಾತ್ರೆಯನ್ನು ಬೇಗ ಕರಗಿಸಿ ಮುಗಿಸಿಬಿಡುತ್ತದೆ. ಅವರಿಗೆ ಮಾಮೂಲಿ ಡೋಸಿನ ಒಂದೂವರೆಯಿಂದ ಎರಡು ಪಟ್ಟು ಬೇಕಾಗಬಹುದು. ಇದು ಮೊದಲೇ ಗೊತ್ತಾದರೆ ತಾನೇ ಉಪಯೋಗ? ಏಳು ದಿನದಲ್ಲಿ ಕೊಡ್ತೀವಿ ಅಂದವರು ಕೊಟ್ಟಿದ್ದು ಆಪರೇಷನ್ ಆದ ಒಂಬತ್ತನೇ ದಿನ! ಅಷ್ಟರಲ್ಲಿ ತಮ್ಮನ ರಕ್ತದಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ ಎರಡು ಸಲ ಕಮ್ಮಿ ಬಂದು, ಡಾಕ್ಟರು ತಾವೇ ಡೋಸ್ ಏರಿಸಿ ಆಗಿತ್ತು. ರಿಪೋರ್ಟಿನಲ್ಲಿ ‘ಸ್ಟಾರ್ 1, ಸ್ಟಾರ್ 3’ ಅಂತ ಇತ್ತು. ಅಂದರೆ ಏನು ಅಂತ ಫೋನ್ ಮಾಡಿ ಕೇಳಿದರೆ ‘ಡಾಕ್ಟರಿಗೆ ತೋರಿಸಿ ಮೇಡಂ’, ಅಷ್ಟೇ. ಅವು ಆ ಜೀನಿನ ಎರಡು ಪ್ರತಿಗಳ ಬಗೆಯ ಹೆಸರು, ಅದರಲ್ಲಿ ಒಂದು ಸ್ಟಾರ್ 1 ಇದ್ದರೂ ಜೀನ್ ಚುರುಕು ಅಂತ ಡಾಕ್ಟರು ಒಂದೇ ನಿಮಿಷದಲ್ಲಿ ಹೇಳಿದರು.

ಇನ್ನೊಂದು ವಿಷಯ. ಲೆವೆಲ್ ನೋಡಲು ರಕ್ತ ತೆಗೆಯುವುದು ಬೆಳಗಿನ ಮಾತ್ರೆಗೆ ಮುಂಚೆ. ಮನೆಗೆ ಬರಬೇಕಿದ್ದ ಹುಡುಗ ತಡವಾಗುತ್ತೆ ಅಂತ ಫೋನ್ ಮಾಡಿ, ‘ಮಾತ್ರೆ ತಗೊಂಡಿರಿ ಸರ್, ಪರವಾಗಿಲ್ಲ’ ಅಂದ. ತಮ್ಮ ಮಾತ್ರೆ ಕೈಯಲ್ಲಿ ಹಿಡಿದಿದ್ದ, ನಾದಿನಿ ಕಸಿದುಕೊಂಡಳು. ಇವಳಿಗೆ ಐದು ಸ್ಟಾರ್.

ಜೀನ್ ಟೆಸ್ಟ್ ಮಾಡಿಸಿದ್ದೀವಿ ಅಂತ ಲೆವೆಲ್ ಟೆಸ್ಟ್ ಬಿಡೋ ಹಾಗಿಲ್ಲ, ತಿಂದಿದ್ದರಿಂದಲೂ ಅದು ಏರುಪೇರಾಗುತ್ತದೆ. ನಮ್ಮ ಚಿಕ್ಕಪ್ಪ ನೋಡಲು ಬಂದಾಗ ದೇವನಹಳ್ಳಿ ಚಕ್ಕೋತ ತಂದಿದ್ದರು. ಚಕ್ಕೋತ ಈ ಮಾತ್ರೆಯ ಲೆವೆಲ್ ಏರಿಸಬಹುದು, ಅದಕ್ಕೆ ತಮ್ಮನಿಗೆ ಕೊಡಲಿಲ್ಲ. ಅವನ ಎದುರಿಗೇ ಅಣ್ಣ ಉಪ್ಪು ಖಾರ ಹಾಕಿಕೊಂಡು ತಿಂದ.