ಕಕ್ಕಡದ ಮಳೆಯಲ್ಲಿ ಸಿಬಿನ್ಯಾಟ್ ಮತ್ತು ಟ್ರೂನ್ಯಾಟ್

ಕ್ಷಯ ಪತ್ತೆ ಮಾಡುವ ಎರಡು ಯಂತ್ರಗಳ ಮುಂದೆಯೂ ನಾನು ಕೂತಿದ್ದೇನೆ. ಮೊದಲು ಮಡಿಕೇರಿಯಲ್ಲಿ ಜೀನ್‌ಎಕ್ಸ್‌ಪರ್ಟ್, ನಮ್ಮ ಬಾಯಲ್ಲಿ ಸಿಬಿನ್ಯಾಟ್. ಆಮೇಲೆ ದಕ್ಷಿಣ ಕೊಡಗಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಟ್ರೂನ್ಯಾಟ್. ಎರಡೂ ಹುಡುಕುವುದು ಕಫದಲ್ಲಿರುವ ಕ್ಷಯಾಣುವಿನ ಡಿಎನ್‌ಎಯನ್ನೇ.

ಕೈಕೆಲಸದ ಮಟ್ಟಿಗೆ ಸಿಬಿನ್ಯಾಟ್ ಪರಮ ಸುಖ. ಒಂದು ಪಾಲು ಕಫಕ್ಕೆ ಎರಡು ಪಾಲು ದ್ರಾವಣ ಬೆರೆಸಿ, ಹದಿನೈದು ನಿಮಿಷ ಬಿಟ್ಟು, ಯಂತ್ರದೊಳಗೆ ಕೂರುವ ಕಾರ್ಟ್ರಿಜ್ ಎಂಬ ಡಬ್ಬಿಗೆ ಹಾಕಿದರೆ ಮುಗಿಯಿತು. ಎರಡು ಗಂಟೆಯೊಳಗೆ ಕ್ಷಯ ಇದೆಯೇ, ಇದ್ದರೆ ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುವಂಥದ್ದೇ ಎಂಬ ಎರಡೂ ಉತ್ತರಗಳು ಒಟ್ಟಿಗೆ ಸಿಗುತ್ತವೆ. ಟ್ರೂನ್ಯಾಟ್ ಹಾಗಲ್ಲ. ಡಿಎನ್‌ಎ ತೆಗೆಯಲು ಒಂದು ಪೆಟ್ಟಿಗೆ, ಓದಲು ಇನ್ನೊಂದು. ನಡುವೆ ತೆಗೆದ ಡಿಎನ್‌ಎ ದ್ರವವನ್ನು ಆರು ಮೈಕ್ರೋಲೀಟರ್ ಅಳೆದು ಓದುವ ಪೆಟ್ಟಿಗೆಯ ಚಿಪ್‌ಗೆ ಬಿಡುವ ಕೆಲಸ ನನ್ನದು. ಮೊದಲ ವಾರ ಕೈ ನಡುಗಿ ಗುಳ್ಳೆ ಸೇರಿಸಿ ಒಂದು ಚಿಪ್ ಹಾಳು ಮಾಡಿದೆ. ಆ ದಿನದ ಕೂಲಿ ಬಿಟ್ಟು ಬಂದಿದ್ದ ಹೆಂಗಸು ಮತ್ತೆ ಒಂದು ಗಂಟೆ ಕಾಯಬೇಕಾಯಿತು. ರೋಗ ಇದೆ ಎಂದಾದರೆ ರಿಫಾಂಪಿಸಿನ್ ಪರೀಕ್ಷೆಗೆ ಬೇರೆ ಚಿಪ್, ಇನ್ನೊಂದು ಗಂಟೆ.

ಇಷ್ಟಾದರೂ ನನ್ನ ಮತ ಟ್ರೂನ್ಯಾಟ್‌ಗೆ. ಕಾರಣ ಕರೆಂಟ್. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಸಿಲ್ವರ್ ಓಕ್ ಮರ ಒಂದು ತಂತಿಯ ಮೇಲೆ ಒರಗಿದರೆ ನಮ್ಮ ಕಡೆ ಮೂರು ದಿನ ಕತ್ತಲೆ. ಸಿಬಿನ್ಯಾಟ್‌ಗೆ ತಡೆಯಿಲ್ಲದ ವಿದ್ಯುತ್ತು ಬೇಕು, ತಂಪಾದ ಕೋಣೆ ಬೇಕು. ಒಮ್ಮೆ ನಾಲ್ಕು ಮಾದರಿಗಳು ಓಡುತ್ತಿರುವಾಗಲೇ ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ನಾಲ್ಕೂ ಕಾರ್ಟ್ರಿಜ್ ಕಸಕ್ಕೆ ಹೋದವು. ಟ್ರೂನ್ಯಾಟ್ ಬ್ಯಾಟರಿಯಲ್ಲೇ ನಡೆಯುತ್ತದೆ.

ಇವುಗಳ ಹಿಂದಿನ ಕಂಪನಿಗಳು ಬೆಳೆದ ಬಗೆಯೂ ಬೇರೆ. ಜೀನ್‌ಎಕ್ಸ್‌ಪರ್ಟ್ ತಯಾರಿಸುವ ಸೆಫೀಡ್ ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಅದರ ಕ್ಷಯ ಪರೀಕ್ಷೆಯನ್ನು 2010ರಲ್ಲೇ ಒಪ್ಪಿತು. 2016ರಲ್ಲಿ ಅಮೆರಿಕದ ಡ್ಯಾನಹರ್ ಸುಮಾರು 400 ಕೋಟಿ ಡಾಲರಿಗೆ ಸೆಫೀಡ್ ಕಂಪನಿಯನ್ನೇ ಕೊಂಡಿತು. ಟ್ರೂನ್ಯಾಟ್‌ನ ಬೀಜ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ್ದು, ಅದನ್ನು ಮಾರುಕಟ್ಟೆಗೆ ತಂದದ್ದು ಗೋವಾದ ಮೋಲ್‌ಬಯೋ. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಅದಕ್ಕೆ ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಕೋವಿಡ್ ಪರೀಕ್ಷೆಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅನುಮತಿ ಕೊಟ್ಟಿತು, ಯಂತ್ರಗಳು ತಾಲ್ಲೂಕುಗಳಿಗೆ ಹರಿದವು. 2022ರಲ್ಲಿ ಸಿಂಗಪುರದ ಹೂಡಿಕೆ ಸಂಸ್ಥೆ ಟೆಮಾಸೆಕ್ ಹಣ ಹೂಡಿದಾಗ ಮೋಲ್‌ಬಯೋದ ಮೌಲ್ಯ 150 ಕೋಟಿ ಡಾಲರ್ ದಾಟಿತ್ತು. ಕೋವಿಡ್‌ನಿಂದಲೇ ಬೆಳೆಯಿತು ಎನ್ನುವವರಿದ್ದಾರೆ. ಎಸಿ ಕೋಣೆ ಬೇಡುವ ಯಂತ್ರವಾಗಿದ್ದರೆ ನಮ್ಮ ಆಸ್ಪತ್ರೆಯ ಬಾಗಿಲಿಗೆ ಅದು ಆಗಲೂ ಬರುತ್ತಿರಲಿಲ್ಲ ಎಂಬುದು ನನ್ನ ಲೆಕ್ಕ.

ಮಾದರಿಗಳು ರಾಶಿ ಬೀಳುವ ಜಿಲ್ಲಾ ಕೇಂದ್ರಕ್ಕೆ ಇಂದಿಗೂ ಸಿಬಿನ್ಯಾಟ್ ಎಂದೇ ಹೇಳುತ್ತೇನೆ. ಆದರೆ ಕಳೆದ ಮಳೆಗಾಲದಲ್ಲಿ ಟ್ರೂನ್ಯಾಟ್ ಪೆಟ್ಟಿಗೆಗಳನ್ನು ಜೀಪಿಗೇರಿಸಿ ತೋಟವೊಂದಕ್ಕೆ ಹೋದೆವು. ತೋಟದ ಲೆಕ್ಕ ಬರೆಯುವ ರೈಟರ್ ಕಾಫಿ ಗೋದಾಮಿನ ಜಗುಲಿ ಬಿಟ್ಟುಕೊಟ್ಟರು. ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರು ಬೆಳಿಗ್ಗೆ ಕಫ ಕೊಟ್ಟು ಕೆಲಸಕ್ಕೆ ಹೋದರು. ಸಂಜೆ ಕತ್ತಿ ತೊಳೆದು ಬರುವಷ್ಟರಲ್ಲಿ ಫಲಿತಾಂಶ ನನ್ನ ಕೈಯಲ್ಲಿತ್ತು.