ಪಿಕ್ಚರ್ಡ್ ರಾಕ್ಸ್: ಟೂರ್ ಬೋಟಾ, ಕಯಾಕಾ, ಬಾಡಿಗೆ ಪಾಂಟೂನಾ?

ಪಿಕ್ಚರ್ಡ್ ರಾಕ್ಸ್ ಅಂದರೆ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಲೇಕ್ ಸುಪೀರಿಯರ್ ಸರೋವರದ ಅಂಚಿನಲ್ಲಿರುವ ಬಣ್ಣಬಣ್ಣದ ಬಂಡೆಗೋಡೆಗಳು. ಅಜ್ಜಿ, ಪುಟ್ಟ ಮಕ್ಕಳು ಜೊತೆಗಿದ್ದರೆ ಅಲ್ಲಿನ ಮ್ಯುನಿಸಿಂಗ್ ಊರಿನಿಂದ ಹೊರಡುವ ಟೂರ್ ಬೋಟೇ ಸರಿ. ಸುಮ್ನೆ ಕೂತರಾಯಿತು, ಸುಮಾರು 60 ಮೀಟರ್‌ವರೆಗಿನ ಎತ್ತರದ ಬಂಡೆಗೋಡೆಗಳು ಕಣ್ಣೆದುರೇ ಸಾಗುತ್ತವೆ. ಖರ್ಚೂ ಕಯಾಕ್ (ನಾವೇ ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ) ಟೂರ್‌ಗಿಂತ ಕಡಿಮೆ.

ಕಯಾಕ್‌ನ ಮಜಾ ಬೇರೆ. ಬಂಡೆಯಿಂದ ಒಸರುವ ನೀರಿನ ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಬಿಡಿಸಿದ ಬಣ್ಣದ ಪಟ್ಟೆಗಳನ್ನು ತೀರಾ ಹತ್ತಿರದಿಂದ ನೋಡಬಹುದು. ಆದರೆ ಲೇಕ್ ಸುಪೀರಿಯರ್ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಗಾಳಿ ಎದ್ದರೆ ಅಲೆಗಳು ಗೋಡೆಗೆ ಬಡಿದು ವಾಪಸ್ ಬರುತ್ತವೆ, ತಪ್ಪಿಸಿಕೊಳ್ಳಲು ದಡವೇ ಇರುವುದಿಲ್ಲ. ಹುಡುಗರು ದೊಡ್ಡವರಾಗಿದ್ದರೆ ಮಾತ್ರ, ಅದೂ ಗೈಡ್ ಜೊತೆ ಹೋಗಿ.

ಪಾಂಟೂನ್, ಅಂದರೆ ಚಪ್ಪಟೆ ಅಟ್ಟದ ಮೋಟಾರ್ ದೋಣಿ, ದೊಡ್ಡ ಗುಂಪಿಗೆ ಅನುಕೂಲ, ಬಾಡಿಗೆ ಹಂಚಿಕೊಳ್ಳಬಹುದು. ಒಬ್ಬರು ಮಾತ್ರ ನೋಟ ಬಿಟ್ಟು ಸ್ಟಿಯರಿಂಗ್ ಹಿಡಿಯಬೇಕು, ಅಲ್ವಾ?

ಫೋಟೋ ಹುಚ್ಚಿದ್ದವರು ಸಂಜೆಯ ಟೂರ್ ಬೋಟ್ ಹಿಡಿಯಿರಿ. ಇಳಿಬಿಸಿಲು ನೇರ ಬಂಡೆಯ ಮೇಲೆ ಬೀಳುತ್ತದೆ.